ಬರೆದುಕೊಟ್ಟರೆ ಓದುವವರು

ಮಾರ್ಚ್ ೩, ಸೋಮವಾರ

ಬಿತ್ತು ಪರದೆ! ಕಳಚಿತು ಬಣ್ಣ! ಇಂದಿನ ಪತ್ರಿಕೆಯ ಮುಖಪುಟದಲ್ಲಿ ನಮ್ಮ ಅಧ್ಯಕ್ಷರು ಕಡಲತೀರದ ಬಂಗಲೆಯಲ್ಲಿ ಕಾಲು ಚಾಚಿ ಕೂತಿದ್ದಾರೆ. ಕೈಯಲ್ಲಿ ಇಸ್ಪೀಟು, ಮುಖದಲ್ಲಿ ಆಟ ಗೆದ್ದ ನಗು. ಟ್ರಾಮ್ ಸೇತುವೆ ನದಿಗೆ ಕುಸಿದ ದಿನವೇ ತೆಗೆದ ಚಿತ್ರವಂತೆ. “ಅಂದು ಬೆಳಗಿನಿಂದ ಸಂಜೆಯವರೆಗೆ ನಾನು ನದಿಯ ದಂಡೆ ಬಿಟ್ಟು ಕದಲಲಿಲ್ಲ” ಎಂದು ದೇಶಕ್ಕೆಲ್ಲ ಸಾರಿದ ಮಹಾನುಭಾವ ಇವರೇ!

ಆ ವಾಕ್ಯವನ್ನು ಅವರ ಕಣ್ಣೆದುರು ಓಡಿಸಿದ ಬೆರಳು ನನ್ನದು. ನನ್ನ ಕೆಲಸವೇನು ಎಂದು ನನಗೆ ನಾನೇ ಸಾರಿಕೊಳ್ಳುತ್ತೇನೆ, ಇಂದು ಅದು ಬೇಕಾಗಿದೆ. ಕ್ಯಾಮೆರಾದ ಮುಂದೆ ಒಂದು ಗಾಜು. ಮನೆಯಲ್ಲಿ ಕೂತು ನೋಡುವವರಿಗೆ ಅದು ಕಾಣದು. ಭಾಷಣ ಮಾಡುವವರಿಗೆ ಮಾತ್ರ ಅದರ ಮೇಲೆ ಅಕ್ಷರಗಳು ಸಾಲುಸಾಲಾಗಿ ಏರುತ್ತವೆ. ಅವರ ಉಸಿರು ನೋಡಿಕೊಂಡು ಸಾಲುಗಳನ್ನು ಏರಿಸುವವಳು ನಾನು. ಮೊದಲು ನಾಟಕ ಕಂಪನಿಯಲ್ಲಿ ಪಕ್ಕದ ಪರದೆಯ ಮರೆಗೆ ಕೂತು, ಮಾತು ಮರೆತ ರಾಜರಿಗೂ ರಾಕ್ಷಸರಿಗೂ ಪಿಸುಗುಟ್ಟುತ್ತಿದ್ದೆ. ಕಂಪನಿ ಮುಚ್ಚಿತು, ಅಧ್ಯಕ್ಷರ ಕಚೇರಿಯ ಪ್ರಸಾರದ ಕೋಣೆಗೆ ಬಂದೆ. ಕೋಣೆ ಬದಲಾಯಿತೇ ಹೊರತು ನೇಮ ಬದಲಾಗಲಿಲ್ಲ: ಪ್ರಾಂಪ್ಟರ್ ತನ್ನದೊಂದು ಅಕ್ಷರವನ್ನೂ ಸೇರಿಸಕೂಡದು. ಸೇರಿಸಿಲ್ಲ. ಇದು ನನ್ನ ಹೆಮ್ಮೆ. ಬಾಯಲ್ಲಿ ಪಿಸುಮಾತು, ಗರ್ಜನೆಯೆಲ್ಲ ಈ ಪುಸ್ತಕದಲ್ಲಿ.

ನನ್ನ ಮಗಳು ಹಾಗಲ್ಲ. ಅವಳು ಟ್ರಾಮ್ ಓಡಿಸುವವಳು. ಸೇತುವೆಯೊಂದಿಗೆ ಬಿದ್ದ ಟ್ರಾಮ್ ಓಡಿಸುತ್ತಿದ್ದವಳು ಅವಳ ಗೆಳತಿ. ಚೌಕದ ನಡುವೆ ನಿಂತು, “ಅವತ್ತು ಎಲ್ಲಿದ್ರಿ ಅಧ್ಯಕ್ಷರೇ?” ಎಂದು ಕೂಗಿದಳು. ಅಷ್ಟೇ ಅವಳ ಅಪರಾಧ. ಚಳಿಗಾಲದಿಂದ ಜೈಲಿನಲ್ಲಿದ್ದಾಳೆ, ಅವಳ ಜೊತೆ ಕೂಗಿದವರೆಲ್ಲ ಅಲ್ಲೇ ಇದ್ದಾರೆ.

ಪತ್ರಿಕೆಯನ್ನು ಗಂಡನ ಮುಖಕ್ಕೆ ಹಿಡಿದೆ. “ನೋಡ್ರೀ! ಅವಳು ಕೇಳಿದ್ದಕ್ಕೆ ಉತ್ತರ ಸಿಕ್ತು. ಇನ್ನು ಬಿಡಲೇಬೇಕು.”

ಅವರು ಅದೇ ಕಂಪನಿಯಲ್ಲಿ ರಾಜನ ಪಾತ್ರ ಕಟ್ಟುತ್ತಿದ್ದ ಹಳೆಯ ರಾಜಪಾರ್ಟು. ಮಂಡಿ ಹೋದರೂ ಗತ್ತು ಹೋಗಿಲ್ಲ. ಕನ್ನಡಕ ಏರಿಸಿ ಚಿತ್ರ ನೋಡಿದರು. “ಸುಳ್ಳು ಕೂಗಿದ್ರೆ ಬಿಡ್ತಿದ್ರೇನೋ. ನಿಜ ಕೂಗಿದಾಳೆ ಅಂತ ಗೊತ್ತಾಯ್ತಲ್ಲ, ಇನ್ನೊಂದು ಬೀಗ ಜಾಸ್ತಿ ಹಾಕ್ತಾರೆ ನೋಡ್ತಿರು.”

ಮಾರ್ಚ್ ೬, ಗುರುವಾರ

ಜೈಲಿಗೆ ಹೋಗಿದ್ದೆ. ನಡುವೆ ತಂತಿಯ ಜಾಲರಿ, ಅದರಾಚೆ ಮಗಳು. ಕೆಮ್ಮು ಎದೆಗಿಳಿದಿದೆ. ಸ್ವೆಟರ್ ಕೊಟ್ಟರೆ ಕಾವಲುಗಾರ್ತಿ ಅದರ ಗುಂಡಿಗಳನ್ನೆಲ್ಲ ಕತ್ತರಿಸಿ ಒಳಗೆ ಕೊಟ್ಟಳು. ಗುಂಡಿಯಿಂದ ಸೆರೆಮನೆ ಒಡೆದು ಹೊರಬಂದ ವೀರರು ಯಾರಿದ್ದಾರೋ!

“ಹೇಗಿದೀಯೇ?”

“ಆರಾಮು. ಊಟ ಅಪ್ಪನ ಅಡಿಗೆಗಿಂತ ವಾಸಿ. ಹೇಳ್ಬೇಡ ಅವರಿಗೆ.”

ನಮ್ಮ ದೊಡ್ಡವರು, ಅದೇ ಅಧ್ಯಕ್ಷರು, ಕೆಳಗಿಳಿದರೆ ಉಪಾಧ್ಯಕ್ಷರು ಬರುತ್ತಾರೆ, ಅವರು ಒಳ್ಳೆಯವರು ಎಂದೆ. ಮಗಳು ಬಾಯಿ ಸೊಟ್ಟ ಮಾಡಿದಳು.

“ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ರಲ್ಲಮ್ಮ. ಆ ಸುಳ್ಳು ಹೇಳ್ವಾಗ ಒಂದ್ಸಲ ಕೆಮ್ಮಿದ್ರೂ ಸಾಕಿತ್ತು.”

ಟ್ರಾಮ್ ಓಡಿಸುವವಳಿಗೆ ರಂಗದ ಮರ್ಯಾದೆ ಏನು ಗೊತ್ತು? ಪಕ್ಕದಲ್ಲಿ ನಿಂತ ಪಾತ್ರ ಕೆಮ್ಮಬಾರದು.

ಮಾರ್ಚ್ ೭, ಶುಕ್ರವಾರ

ಕೇಳು, ಪುಸ್ತಕವೇ, ಕಿವಿಗೊಟ್ಟು ಕೇಳು! ಪ್ರಸಾರದ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನೂ ಉಪಾಧ್ಯಕ್ಷರೂ ಇಬ್ಬರೇ ಕೂತಿದ್ದೆವು. ಅವರ ಕೈಯಲ್ಲಿ ಯಾವಾಗಲೂ ಮಡಿಸಿದ ಕರವಸ್ತ್ರ. ಅದನ್ನು ಬಿಚ್ಚಿದರು, ಮಡಿಸಿದರು. ಆಮೇಲೆ ಮೆಲ್ಲಗೆ, “ಅಮ್ಮಾ, ನಿಮ್ಮ ಮಗಳ ವಿಷಯ ಕೇಳಿದೆ. ನನ್ನ ಕೈಲಿದ್ದಿದ್ರೆ ಇವತ್ತೇ ಬಿಡಿಸ್ತಿದ್ದೆ” ಎಂದರು. ಕಣ್ಣು ಒದ್ದೆಯಾಗಿತ್ತು. ನಾಟಕದವರ ಮನೆಯಲ್ಲಿ ಹುಟ್ಟಿದವಳು ನಾನು. ನಿಜವಾದ ಕಣ್ಣೀರು ಯಾವುದು, ಅಭಿನಯ ಯಾವುದು ಎಂದು ಗೊತ್ತಾಗುತ್ತದೆ. ಇದು ನಿಜವಾದದ್ದು.

ಅವರನ್ನು ನಾನು ಬಹಳ ದಿನದಿಂದ ಗಮನಿಸಿದ್ದೇನೆ. ದೊಡ್ಡವರು ಮಾತಾಡುವಾಗ ಇವರು ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಾರೆ, ಒಂದೊಂದು ಮಾತೂ ಬಾಯಿಪಾಠವಾಗಿರುವಂತೆ. ಒಳ್ಳೆಯ ಬದಲಿ ನಟನ ಲಕ್ಷಣ ಅದೇ. ಮುಖ್ಯ ಪಾತ್ರಧಾರಿ ಹಾಸಿಗೆ ಹಿಡಿದ ದಿನ ಇಂಥವನೇ ನಾಟಕ ಉಳಿಸುವುದು.

ಮನೆಯಲ್ಲಿ ಹೇಳಿದರೆ ನಮ್ಮ ರಾಜಪಾರ್ಟು ತಟ್ಟೆಯಿಂದ ತಲೆ ಎತ್ತಲಿಲ್ಲ. “ಕೈಲಿ ಇಲ್ದಿದ್ದಾಗ ಎಲ್ಲರೂ ದಾನಶೂರರೇ ಕಣೇ.”

“ನಿಮಗೆ ಒಳ್ಳೇದು ಕಂಡ್ರೆ ಆಗೋದೇ ಇಲ್ಲ.”

“ಒಳ್ಳೇದು ಕಂಡ್ರೆ ಆಗತ್ತೆ. ಬರೀ ಒದ್ದೆ ಕಣ್ಣು ಕಂಡ್ರೆ ಆಗಲ್ಲ.”

ಮಾರ್ಚ್ ೧೪, ಶುಕ್ರವಾರ

ಹೋದರು ದೊಡ್ಡವರು! ಹೋಗುವುದಾದರೂ ಸುಮ್ಮನೆ ಹೋದರೇ? ಕಾರ್ಯದರ್ಶಿ ಒಂದು ವಾರ ಕೂತು ಬರೆದ ರಾಜೀನಾಮೆ ಭಾಷಣ ಗಾಜಿನ ಮೇಲೆ ಏರುತ್ತಿದೆ. ಅವರು ಅತ್ತ ನೋಡಲೇ ಇಲ್ಲ. ಮೇಜು ಗುದ್ದಿದರು. “ಹೌದು, ಸುಳ್ಳು ಹೇಳಿದೆ! ನಾನೇ ಹೇಳಿದೆ! ಯಾರ ತಲೆಗೂ ಕಟ್ಟಲ್ಲ!” ಎಂದು ಗರ್ಜಿಸಿದರು. ಕ್ಯಾಮೆರಾದವನು ಕಣ್ಣೊರೆಸಿಕೊಂಡ. ನನಗೆ ಮೈಯೆಲ್ಲ ಉರಿ. ಹೆಣಗಳ ಮೇಲೆ ಸುಳ್ಳು ಹೇಳಿದವನು ಕಡೆಯ ಅಂಕದಲ್ಲೂ ಚಪ್ಪಾಳೆ ಗಿಟ್ಟಿಸುವುದೇ?

ಹೊರಡುವಾಗ ನನ್ನ ಮುಂದೆ ನಿಂತರು. “ಏನಮ್ಮಾ, ನಿನ್ನ ಗಾಜು ಇವತ್ತು ಬರೀ ಓಡ್ತಾ?”

“ಓಡಿಸಿದೆ ಸ್ವಾಮಿ. ನೀವು ನೋಡಲಿಲ್ಲ.”

“ನೋಡಿ ಓದಿದ್ದಕ್ಕೇ ಈ ಗತಿ ಬಂತು!” ಎಂದು ನಕ್ಕರು. ನಾನು ಧೈರ್ಯ ಮಾಡಿ ಮಗಳ ಹೆಸರೆತ್ತಿದೆ. ಸಂಜೆಯವರೆಗೆ ಅಧಿಕಾರ ಅವರದೇ ತಾನೇ, ಒಂದು ರುಜು ಸಾಕು ಎಂದೆ. ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

“ಆ ಗಂಟಲು ನಿನ್ನ ಮಗಳದ್ದಾ? ಅದೇ ನನ್ನನ್ನ ಮನೆಗೆ ಕಳಿಸಿದ್ದು. ಬಿಡಲ್ಲಮ್ಮ. ಕ್ಷಮೆ ಗಿಮೆ ಎಲ್ಲ ನನ್ನ ಹತ್ರ ಇಲ್ಲ. ಮುಂದೆ ಬರೋರನ್ನ ಕೇಳ್ಕೋ.”

ಕೇಡಿಗ! ಕೇಡಿಗ! ಕೇಡಿಗ!

ಮಾರ್ಚ್ ೧೫, ಶನಿವಾರ

ಹೊಸ ಅಧ್ಯಕ್ಷರ ಮೊದಲ ಭಾಷಣದ ಅಭ್ಯಾಸ. ನಮ್ಮ ಎರಡನೆಯವರು ಈಗ ಮೊದಲನೆಯವರು! ಗಾಜಿನ ಮುಂದೆ ನಿಂತರು, ಓದಿದರು: “ಪ್ರಿಯ ದೇಶಬಾಂಧವರೇ, ಇದು ನೋವಿನ ಗಳಿಗೆ, ಇಲ್ಲಿ ಒಂದು ಗುಟುಕು ನೀರು ಕುಡಿಯಿರಿ, ಆದರೂ ನಾವು ಧೃತಿಗೆಡಬಾರದು.”

ನೀರಿನ ಮಾತು ಅವರಿಗೆಂದು ಕಾರ್ಯದರ್ಶಿ ಕಂಸದಲ್ಲಿ ಹಾಕಿದ ಸೂಚನೆ. ಕಾರ್ಯದರ್ಶಿ ಕಾಗದಗಳಿಂದ ಮುಖ ಮುಚ್ಚಿಕೊಂಡ. ಅವರು ಮಾತ್ರ, “ಚೆನ್ನಾಗಿತ್ತಾ ಅಮ್ಮಾ?” ಎಂದರು.

ಮೊದಲ ದಿನದ ಗಾಬರಿ. ಪ್ರವೇಶಕ್ಕೆ ಮುಂಚೆ ನಮ್ಮ ರಾಜಪಾರ್ಟಿಗೂ ಕಾಲು ನಡುಗುತ್ತಿತ್ತು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯನೇ.

ಮಾರ್ಚ್ ೨೦, ಗುರುವಾರ

ಮಗಳ ವಿಷಯ ನೆನಪಿಸಿದೆ. ನನ್ನ ಎರಡೂ ಕೈ ಹಿಡಿದುಕೊಂಡರು. “ನೋಡೋಣಮ್ಮ.”

ಮಾರ್ಚ್ ೨೪, ಸೋಮವಾರ

ನೋಡೋಣ ಎಂದರು.

ಮಾರ್ಚ್ ೨೬, ಬುಧವಾರ

ಮನೆಗೆ ಒಂದು ಬುಟ್ಟಿ ಕಿತ್ತಳೆ ಕಳಿಸಿದ್ದಾರೆ. ‘ಮಗಳಿಗೆ’ ಎಂದು ಚೀಟಿ. ಜೈಲಿನೊಳಗೆ ಹಣ್ಣು ಬಿಡುವುದಿಲ್ಲ. ರಾಜಪಾರ್ಟು ಕೂತು ಸುಲಿದು ಸುಲಿದು ತಿನ್ನುತ್ತಿದ್ದಾರೆ. “ಸಿಹಿ ಇದೆ ಕಣೇ, ನಿನ್ನ ಹೊಸ ಸರ್ಕಾರ.”

ಬುಟ್ಟಿಯನ್ನು ಅಟ್ಟಕ್ಕೆ ಎಸೆದೆ.

ಮಾರ್ಚ್ ೨೯, ಶನಿವಾರ

ಇಂದಿನ ಭಾಷಣದಲ್ಲಿ ಕಾರ್ಯದರ್ಶಿ ‘ಪುನರುಜ್ಜೀವನಗೊಳಿಸಬೇಕಾಗಿದೆ’ ಎಂದು ಬರೆದಿದ್ದ. ಅಭ್ಯಾಸದಲ್ಲಿ ಅಧ್ಯಕ್ಷರ ನಾಲಿಗೆ ಮೂರು ಸಲ ಅದಕ್ಕೆ ಎಡವಿತು. ಕಾರ್ಯದರ್ಶಿ ಫೋನಿನಲ್ಲಿದ್ದ. ನಾನು ಅದನ್ನು ತೆಗೆದು ‘ಮತ್ತೆ ಕಟ್ಟಬೇಕು’ ಎಂದು ಹಾಕಿದೆ. ಇದು ಸೇರಿಸಿದ್ದಲ್ಲ. ಎಡವುವ ಕಲ್ಲು ಪಕ್ಕಕ್ಕಿಟ್ಟದ್ದು, ಅಷ್ಟೇ. ಯಾರಿಗೂ ಗೊತ್ತಾಗಲಿಲ್ಲ. ಹೊರಗೆ ಬಂದು, “ಇವತ್ತು ನಾಲಿಗೆ ಚೆನ್ನಾಗಿ ತಿರುಗ್ತಮ್ಮಾ” ಎಂದು ಖುಷಿಪಟ್ಟರು.

ಏಪ್ರಿಲ್ ೨, ಬುಧವಾರ

ಆಸ್ಪತ್ರೆಗಳ ಬಗ್ಗೆ ಭಾಷಣ. ಮುಖ್ಯ ಸಂಗತಿಯನ್ನು ಕಾರ್ಯದರ್ಶಿ ಕೊನೆಗೆ ತಳ್ಳಿದ್ದ. ಅಷ್ಟರಲ್ಲಿ ಅಧ್ಯಕ್ಷರ ದನಿ ಬಿದ್ದುಹೋಗಿರುತ್ತದೆ. ಆ ಭಾಗವನ್ನು ಮೇಲಕ್ಕೆ ತಂದೆ. ಮಧ್ಯದಲ್ಲಿ ಆರೋಗ್ಯ ಮಂತ್ರಿಯನ್ನು ಹೊಗಳಿದ ನಾಲ್ಕು ಸಾಲು ಇದ್ದವು. ಉಸಿರಿಗೆ ಭಾರ. ಕೈಬಿಟ್ಟೆ. ನಾಟಕದಲ್ಲೂ ಮಳೆ ಬರುವಂತಿದ್ದರೆ ಹಾಡು ಬಿಡುತ್ತಿರಲಿಲ್ಲವೇ?

ಏಪ್ರಿಲ್ ೯, ಬುಧವಾರ

ನಾಡಿದ್ದು ಚೌಕದ ಕೈದಿಗಳನ್ನೆಲ್ಲ ಉತ್ತರದ ಉಪ್ಪಿನಗಣಿಯ ಜೈಲಿಗೆ ಸಾಗಿಸುತ್ತಾರಂತೆ. ಅಲ್ಲಿಗೆ ಹೋದವರನ್ನು ವರ್ಷಕ್ಕೊಮ್ಮೆ ನೋಡಲು ಬಿಡುತ್ತಾರೆ. ಉಪ್ಪಿನ ಧೂಳು. ಎದೆಗಿಳಿದ ಕೆಮ್ಮು. ಮುಂದಿನದನ್ನು ಬರೆಯಲಾರೆ.

ಬೆಳಿಗ್ಗೆ ಓಡಿದೆ. ಅಧ್ಯಕ್ಷರು ಎದ್ದು ನಿಂತರು, ಕುರ್ಚಿ ಎಳೆದು ಕೂರಿಸಿದರು, ಮತ್ತೆ ಆ ಹಾಳು ಒದ್ದೆ ಕಣ್ಣು!

“ಸ್ವಾಮಿ, ಈಗ ಎಲ್ಲ ನಿಮ್ಮ ಕೈಲೇ ಇದೆ.”

“ಇದೆ ಅಮ್ಮ, ಇದೆ. ಆದ್ರೆ ಹಳಬರ ಕಡೆಯವರೇ ಮಂತ್ರಿಗಳು. ನಾನಾಗೇ ಬಾಯಿ ಬಿಟ್ರೆ ಏನಂತಾರೋ. ನಾಳೆ ಸಂಜೆ ಭಾಷಣ ಇದೆಯಲ್ಲ, ಅದರಲ್ಲಿ ಬರೆದುಕೊಟ್ರೆ ನಾನು ಓದಲ್ವಾ? ಕಾರ್ಯದರ್ಶಿಗೆ ಹೇಳಿ.”

ಕಾರ್ಯದರ್ಶಿಯ ಕೋಣೆಗೆ ಓಡಿದೆ. ಅವನು ಗೋಡೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಅಕ್ಕಾ, ನಂಗೂ ಹೆಣ್ಣುಮಕ್ಕಳಿದ್ದಾರೆ. ಅವರು ಒಂದು ಮಾತು ಹೇಳಿದ್ರೆ ನಾನು ಬರೆಯಲ್ವಾ? ನಾನಾಗೇ ಬರೆದ್ರೆ ನನ್ನ ಕೆಲಸ ಹೋಗತ್ತೆ” ಎಂದ.

“ಅವರು ನೀನು ಬರೀಲಿ ಅಂತಾರೆ.”

“ಹಂಗಂತ ನಂಗೆ ಹೇಳ್ಲಿ.”

ಮತ್ತೆ ಅಲ್ಲಿಗೆ ಓಡಿದೆ. “ಹೇಳೋದಾ? ಅವನಾಗೇ ಬರೆದಂಗೆ ಇದ್ರೆ ಚೆನ್ನ ಅಮ್ಮ” ಎಂದರು. ಮತ್ತೆ ಇಲ್ಲಿಗೆ. ಮತ್ತೆ ಅಲ್ಲಿಗೆ. ಆ ಉದ್ದದ ಮೊಗಸಾಲೆಯಲ್ಲಿ ರಾಯಭಾರಿಯ ಹಾಗೆ ಸುತ್ತಿ ಸುತ್ತಿ ಚಪ್ಪಲಿಯ ಬಾರು ಕಿತ್ತುಬಂತು. ಒಬ್ಬನಿಗೆ ಬಾಯಿದೆ, ಮಾತಿಲ್ಲ. ಇನ್ನೊಬ್ಬನಿಗೆ ಮಾತಿದೆ, ಬಾಯಿಲ್ಲ. ನಡುವೆ ನನ್ನ ಮಗಳು ಸಾಯಬೇಕು!

ಆ ದೊಡ್ಡವರು ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಎಂದರು. ಅವರನ್ನು ಶಪಿಸಿ ಮನೆಗೆ ಬಂದು ಮಲಗಬಹುದಿತ್ತು. ಇವರನ್ನು ಏನೆಂದು ಶಪಿಸಲಿ?

ಏಪ್ರಿಲ್ ೧೦, ಗುರುವಾರ

ಓದಿದರು.

ಮಧ್ಯಾಹ್ನ ಕಾರ್ಯದರ್ಶಿ ಭಾಷಣ ತಂದುಕೊಟ್ಟ. ಬಸ್ಸು, ಬಿತ್ತನೆ ಬೀಜ, ಶಾಲೆಯ ಛಾವಣಿ. ಅದರಲ್ಲಿ ಮಗಳಿರಲಿಲ್ಲ. ಅವನು ಚಹಾ ಕುಡಿಯಲು ಹೋದಾಗ, ಶಾಲೆಯ ಛಾವಣಿಗೂ ವಂದನೆಗೂ ನಡುವೆ ಒಂದು ವಾಕ್ಯ ಟೈಪು ಮಾಡಿದೆ. “ಚೌಕದಲ್ಲಿ ಬಂಧಿಸಿದ ಎಲ್ಲರನ್ನೂ ನಾಳೆ ಬೆಳಿಗ್ಗೆ ಬಿಡುಗಡೆ ಮಾಡಬೇಕೆಂದು ನಾನು ಆಜ್ಞೆ ಮಾಡುತ್ತೇನೆ.” ಎರಡು ಉಸಿರಿಗೆ ಸರಿಯಾಗಿ ಒಡೆದು ಎರಡು ಸಾಲಾಗಿ ಹಾಕಿದೆ. ಬರೆಯುವಾಗ ಕೈ ನಡುಗಲಿಲ್ಲ. ಯಾಕೆ ನಡುಗಲಿಲ್ಲವೋ ಗೊತ್ತಿಲ್ಲ.

ಸಂಜೆ ಕೆಂಪು ದೀಪ ಹತ್ತಿತು. ಬಸ್ಸು ಹೋಯಿತು. ಬೀಜ ಹೋಯಿತು. ಶಾಲೆಯ ಛಾವಣಿ ಏರಿತು, ನನ್ನ ಸಾಲು ಕೆಳಗಿನಿಂದ ತಲೆಯೆತ್ತಿತು. ಎಲೈ ಬೆರಳೇ, ಈಗ ತಡೆದರೆ ನೀನು ನನ್ನವಳಲ್ಲ! ಅಧ್ಯಕ್ಷರ ಕಣ್ಣು ಅದರ ಮೇಲೆ ಬಿತ್ತು. ಹುಬ್ಬು ಕದಲಲಿಲ್ಲ. ‘ಎಲ್ಲರನ್ನೂ’ ಎಂಬಲ್ಲಿ ಸ್ವಲ್ಪ ಒತ್ತು ಕೂಡ ಕೊಟ್ಟು ಓದಿ, ವಂದಿಸಿ, ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

“ಚೆನ್ನಾಗಿತ್ತಾ ಅಮ್ಮಾ?”

ಕಾರ್ಯದರ್ಶಿ ಓಡಿ ಬಂದ. ಸಿಕ್ಕಿಬಿದ್ದೆ ಎಂದುಕೊಂಡೆ. ಅವನು ಅಧ್ಯಕ್ಷರ ಮುಂದೆ ನಿಂತು ನಡುಗುವ ದನಿಯಲ್ಲಿ, “ಸರ್, ನೀವಾಗೇ ಹೇಳಿಬಿಟ್ರಲ್ಲ! ಎಂಥಾ ಧೈರ್ಯ ಸರ್!” ಎಂದ. ಅಧ್ಯಕ್ಷರು ಅವನ ಬೆನ್ನು ತಟ್ಟಿ, “ಎಲ್ಲ ನಿಂದೇ ಕಣಯ್ಯಾ, ನಿಂದೇ” ಎಂದರು. ಇಬ್ಬರೂ ನಕ್ಕರು. ಆಜ್ಞೆಯ ಕಾಗದಕ್ಕೆ ಅಲ್ಲೇ ರುಜು ಬಿತ್ತು.

ಏಪ್ರಿಲ್ ೧೧, ಶುಕ್ರವಾರ

ಬಂದಳು. ಗುಂಡಿಯಿಲ್ಲದ ಸ್ವೆಟರನ್ನು ಎದೆಗೆ ಒತ್ತಿ ಹಿಡಿದುಕೊಂಡು ಜೈಲಿನ ಬಾಗಿಲು ದಾಟಿದಳು. ರಾಜಪಾರ್ಟು ಬೀದಿಯಲ್ಲೇ ಮಂಡಿಯೂರಿ ಕೂತರು. ಆಮೇಲೆ ಏಳಲಾಗದೆ ನಾವಿಬ್ಬರೂ ಎತ್ತಬೇಕಾಯಿತು. ಮೂವರೂ ಅಳು, ಮೂವರೂ ನಗು.

ಏಪ್ರಿಲ್ ೧೩, ಭಾನುವಾರ

ಪತ್ರಿಕೆಗಳು ಹೊಸ ಅಧ್ಯಕ್ಷರನ್ನು ಹಾಡಿಹೊಗಳಿವೆ. ನಮ್ಮ ರಾಜಪಾರ್ಟು ಗಟ್ಟಿಯಾಗಿ ಓದಿ, “ನಂದು ತಪ್ಪಾಯ್ತು ಕಣೇ. ಒದ್ದೆ ಕಣ್ಣಿನೊಳಗೆ ಕೆಂಡ ಇತ್ತು” ಎಂದರು. ತಡೆಯಲಾಗಲಿಲ್ಲ. ನಡೆದದ್ದನ್ನು ಹೇಳಿಬಿಟ್ಟೆ. ಅವರು ತೊಡೆ ತಟ್ಟಿ ನಕ್ಕರು. ಮಗಳು ನಗಲಿಲ್ಲ.

“ಅಂದ್ರೆ ನನ್ನನ್ನ ಬಿಡ್ಬೇಕು ಅಂತ ಯಾರೂ ತೀರ್ಮಾನ ಮಾಡ್ಲೇ ಇಲ್ವಾ?”

“ನಾನು ಮಾಡಿದೆನಲ್ಲೇ!”

“ನಿನ್ನನ್ನ ಯಾರಮ್ಮ ಆರಿಸಿದ್ದು?”

ಇದೇ ನೋಡು! ಹೆತ್ತವಳಿಗೆ ಕೇಳುವ ಪ್ರಶ್ನೆಯೇ ಇದು? “ಉಪ್ಪಿನಗಣಿಗೆ ಹೋಗ್ಬೇಕಿತ್ತಾ ನೀನು?”

“ಹೋಗ್ಬೇಕಿತ್ತು ಅಂತ ನಾನು ಹೇಳ್ಲಿಲ್ಲ.” ಕೆಮ್ಮು ಬಂತು, ಸುಧಾರಿಸಿಕೊಂಡಳು. “ಅಮ್ಮಾ, ಆ ಮುದುಕ ಸುಳ್ಳು ಹೇಳಿದಾಗ ಎಲ್ಲಿದ್ರಿ ಅಂತ ಕೂಗಿ ಕೇಳೋಕೆ ಒಬ್ಬ ಮನುಷ್ಯ ಇದ್ದ. ಈ ಮನುಷ್ಯನನ್ನ ಏನಂತ ಕೇಳ್ಲಿ? ಅಲ್ಲಿ ಯಾರಿದ್ದಾರೆ?”

“ಅವನಿಗಿಂತ ಇವರು ಸಾವಿರ ಪಾಲು ಮೇಲು!”

“ಹೌದಾ? ಹಾಗಾದ್ರೆ ಹೋಗಿ ಹೇಳು ಅವರಿಗೆ. ನೀವು ಓದಿದ್ದು ನಾನು ಬರೆದಿದ್ದು ಅಂತ. ಆಮೇಲೂ ನನ್ನನ್ನ ಹೊರಗೇ ಬಿಟ್ರೆ ಒಪ್ಕೋತೀನಿ.”

ರಾಜಪಾರ್ಟು ನಗು ನಿಲ್ಲಿಸಿದರು. ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು.

ಏಪ್ರಿಲ್ ೧೬, ಬುಧವಾರ

ಮಗಳು ಸೇತುವೆಯಲ್ಲಿ ಹೋದ ಗೆಳತಿಯ ತಾಯಿಯ ಮನೆಯಲ್ಲಿ ಇರುತ್ತಾಳಂತೆ, ಕೆಲಸ ಮತ್ತೆ ಸಿಗುವವರೆಗೆ. ಚೀಲ ತುಂಬುವಾಗ, “ಹೇಳಿದ್ಯಾ?” ಎಂದಳು. ಹೇಳುತ್ತೇನೆ, ಈಗ ಅವರಿಗೆ ಪುರಸೊತ್ತಿಲ್ಲ ಎಂದೆ. ಅವಳು ಸುಮ್ಮನೆ ನನ್ನ ಗಲ್ಲ ಸವರಿ ಹೋದಳು. ಹೆಣ್ಣುಮಕ್ಕಳಿಗೆ ಕೃತಜ್ಞತೆ ಎನ್ನುವುದೇ ಇಲ್ಲ.

ಹೇಳಬೇಕೆಂದೇ ಬಾಗಿಲವರೆಗೆ ಹೋಗಿದ್ದೆ, ಇಲ್ಲವೆನ್ನುವುದಿಲ್ಲ. ಅಷ್ಟರಲ್ಲಿ ಅವರೇ ಕರೆದು, “ಅಮ್ಮಾ, ಇತ್ತೀಚೆಗೆ ಓದೋಕೆ ಕೂತ್ರೆ ಮನಸ್ಸು ಹಗುರ ಆಗತ್ತೆ. ಜನ ಬೀದೀಲಿ ಕೈ ಮುಗೀತಾರೆ” ಎಂದರು. ಮಗುವಿನ ಹಾಗೆ ಮುಖ ಅರಳಿತ್ತು. ಅಂಥ ಮುಖಕ್ಕೆ ಏನು ಹೇಳುವುದು? ಪ್ರಾಂಪ್ಟರ್ ಕೈಕಟ್ಟಿ ಕೂತರೆ ನಟ ರಂಗದ ಮೇಲೆ ಬತ್ತಲಾಗುತ್ತಾನೆ.

ನಾನು ಮೊದಲೇ ಹೇಳಿದ್ದೆ: ದೊಡ್ಡವರಿಗಿಂತ ಇವರು ಎಷ್ಟೋ ಚೆನ್ನಾಗಿ ಆಳುತ್ತಾರೆ. ಆ ಮುದುಕ ಬರೆದದ್ದನ್ನು ಓದುತ್ತಿರಲಿಲ್ಲ, ಮೇಜು ಗುದ್ದಿ ತನಗೆ ತೋಚಿದ್ದು ಅರಚುತ್ತಿದ್ದ. ಇವರಿಗೆ ವಿನಯವಿದೆ. ಇಷ್ಟು ವರ್ಷ ಇಂಥವರನ್ನು ಮೂಲೆಗೆ ನಿಲ್ಲಿಸಿದ್ದರಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಾಳೆಯ ಭಾಷಣ ಮಧ್ಯಾಹ್ನವೇ ಬಂತು. ಈ ಕಾರ್ಯದರ್ಶಿಗೆ ದೇಶ ನಡೆಸುವುದೆಂದರೇನು ಎಂದೇ ಗೊತ್ತಿಲ್ಲ. ಸೇತುವೆಯ ಕೆಲಸವನ್ನು ಬರುವ ವರ್ಷಕ್ಕೆ ತಳ್ಳಿದ್ದಾನೆ. ಅದನ್ನು ಈ ವರ್ಷಕ್ಕೆ ತಂದೆ. ಟ್ರಾಮ್ ದರ ಏರಿಸುವ ಮಾತು ತೆಗೆದೆ. ಆರೋಗ್ಯ ಮಂತ್ರಿಯನ್ನು ಮತ್ತೆ ಹೊಗಳಿದ್ದಾನೆ, ನಾಚಿಕೆಯಿಲ್ಲದವನು. ಆ ಜಾಗದಲ್ಲಿ ಒಂದು ಚಿಕ್ಕ ವಾಕ್ಯ ಹಾಕಿದ್ದೇನೆ. ನಾಳೆ ಸಂಜೆಗೆ ಆ ಮಂತ್ರಿ ಮನೆಗೆ ಹೋಗುತ್ತಾನೆ. ಅವನ ಜಾಗಕ್ಕೆ ಯಾರು ಎಂಬುದು ಇನ್ನೂ ತೋಚಿಲ್ಲ. ಬೆಳಿಗ್ಗೆ ಎದ್ದು ಯೋಚಿಸುತ್ತೇನೆ.